ಒಡಲೊಳಗಿನ ಒಲೆ

ರಾತ್ರಿಯ ವಾರ್ತೆ ಕೇಳಿ, ರೇಡಿಯೋ ಆರಿಸಿ ಮಲಗುತ್ತೀರಿ. ಬೆಳಗಾಗುವ ತನಕ ಒಂದು ಕಡ್ಡಿಯನ್ನೂ ಎತ್ತಿಡುವುದಿಲ್ಲ. ಆದರೂ ಏಳುವಾಗ ಹೊದಿಕೆ ಬೆಚ್ಚಗಿರುತ್ತದೆ. ಹೊದಿಕೆಗೆ ತನ್ನದೆಂಬ ಶಾಖವಿಲ್ಲ. ಅದು ನಿಮ್ಮಿಂದ ಪಡೆದದ್ದು. ಹಾಗಾದರೆ ನೀವು ನಿದ್ರಿಸುತ್ತಿದ್ದಾಗ ಒಳಗೆ ಉರಿಯುತ್ತಿದ್ದ ಒಲೆ ಯಾವುದು?

ನಮ್ಮ ಹಿರಿಯರು ಇದನ್ನು ಜಠರಾಗ್ನಿ ಎಂದರು. ಆದರೆ ಈ ಅಗ್ನಿ ಜಠರದಲ್ಲಿ ಮಾತ್ರ ಇರುವುದಲ್ಲ. ಫ್ರಾನ್ಸಿನ ಲಾವೊಸಿಯೆ ಮತ್ತು ಲಾಪ್ಲಾಸ್ ಎಂಬ ವಿಜ್ಞಾನಿಗಳು 1782-83ರ ಚಳಿಗಾಲದಲ್ಲಿ ಒಂದು ಗಿನಿಯಿಲಿಯನ್ನು, ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಇರಿಸಿದರು. ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತೆಂದು ಅಳೆದರು. ಅದು ಉಸಿರಿನಲ್ಲಿ ಬಿಟ್ಟ ಗಾಳಿಯನ್ನೂ ಅಳೆದರು. ಇದ್ದಿಲು ಉರಿದಾಗ ಬರುವ ಲೆಕ್ಕಕ್ಕೆ ಇದು ಹತ್ತಿರ ಹತ್ತಿರ ಹೊಂದಿತು. ಉಸಿರಾಟವೆಂದರೆ ಮೆಲ್ಲನೆಯ ದಹನವೇ ಎಂದು ಅವರು ತೀರ್ಮಾನಿಸಿದರು.

ಈ ದಹನ ನಡೆಯುವುದು ದೇಹದ ಕೋಟಿ ಕೋಟಿ ಜೀವಕೋಶಗಳಲ್ಲಿ. ತಿಂದ ಅನ್ನ, ಮುದ್ದೆ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತವೆ. ಆಮ್ಲಜನಕದೊಡನೆ ಕೂಡಿ, ಹಂತಹಂತವಾಗಿ ಉರಿದು ಶಕ್ತಿ ಕೊಡುತ್ತವೆ. ಆ ಶಕ್ತಿಯಿಂದ ದೇಹ ಹಳೆಯದನ್ನು ಒಡೆಯುತ್ತದೆ, ಹೊಸದನ್ನು ಕಟ್ಟುತ್ತದೆ. ಕಟ್ಟುವುದು ಚಯ, ಒಡೆಯುವುದು ಅಪಚಯ. ಎರಡೂ ಸೇರಿ ಚಯಾಪಚಯ.

ಖರ್ಚಿನ ಲೆಕ್ಕ ನೋಡಿದರೆ ಆಶ್ಚರ್ಯವಾಗುತ್ತದೆ. ಸಾಮಾನ್ಯ ಮನುಷ್ಯನೊಬ್ಬ ದಿನಕ್ಕೆ ವ್ಯಯಿಸುವ ಶಕ್ತಿಯಲ್ಲಿ ಶೇಕಡಾ 60ರಿಂದ 70ರಷ್ಟು, ಸುಮ್ಮನೆ ಮಲಗಿದ್ದರೂ ಬೇಕಾದದ್ದು. ಹೃದಯ, ಯಕೃತ್ತು, ಮೂತ್ರಪಿಂಡಗಳು, ಮಿದುಳು ಇವಕ್ಕೆ ರಜೆಯೇ ಇಲ್ಲ. ಮಿದುಳಿನ ತೂಕ ದೇಹದ ಐವತ್ತರಲ್ಲಿ ಒಂದು ಪಾಲು. ವಿಶ್ರಾಂತಿಯಲ್ಲಿ ಅದು ತಿನ್ನುವುದು ಐದರಲ್ಲಿ ಒಂದು ಪಾಲು. ಉಣ್ಣುವುದನ್ನು ಜೀರ್ಣಿಸಲು ಶೇಕಡಾ 10ರಷ್ಟು ಹೋಗುತ್ತದೆ. ಉಳಿದದ್ದು ಓಡಾಟಕ್ಕೆ, ದುಡಿಮೆಗೆ.

“ನಲವತ್ತು ದಾಟಿತು, ಒಲೆ ಆರಿತು, ಮೈ ಬಂತು” ಎಂದು ನಾವು ವಯಸ್ಸನ್ನು ದೂರುತ್ತೇವೆ. 2021ರಲ್ಲಿ ಪ್ರಕಟವಾದ ಒಂದು ಸಂಶೋಧನೆ, 29 ದೇಶಗಳ ಆರು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ತೆಗೆದು, ಇದು ಸಲ್ಲದ ದೂರೆಂದು ತೋರಿಸಿತು. ದೇಹದ ಗಾತ್ರಕ್ಕೆ ತಕ್ಕಂತೆ ನೋಡಿದರೆ 20ರಿಂದ 60 ವರ್ಷದವರೆಗೆ ಒಲೆಯ ಉರಿ ಹೆಚ್ಚುಕಡಿಮೆ ಒಂದೇ ಸಮ. 60ರ ನಂತರವಷ್ಟೆ ನಿಧಾನವಾಗಿ ಇಳಿಯುತ್ತದೆ. ಬದಲಾಗುವುದು ಹೆಚ್ಚಾಗಿ ನಮ್ಮ ನಡಿಗೆ, ನಮ್ಮ ತಟ್ಟೆ.

ಹಾಗಾದರೆ ಉರಿಯನ್ನು ಊದಿ ಹೆಚ್ಚಿಸಲು ಔಷಧವಿಲ್ಲವೆ? ಇತ್ತು, ಅದರ ಕಥೆ ಕೇಳಿ. ಡೈನೈಟ್ರೊಫಿನಾಲ್ ಎಂಬ ರಾಸಾಯನಿಕ ಮೊದಲನೆಯ ಮಹಾಯುದ್ಧದಲ್ಲಿ ಸ್ಫೋಟಕ ತಯಾರಿಕೆಗೆ ಬಳಕೆಯಾಗುತ್ತಿತ್ತು. ಅದನ್ನು ಮುಟ್ಟಿ ಕೆಲಸಮಾಡುವವರು ಸೊರಗುತ್ತಿದ್ದರು. 1933ರ ಸುಮಾರಿಗೆ ಅಮೆರಿಕದಲ್ಲಿ ಅದೇ ತೂಕ ಇಳಿಸುವ ಔಷಧವಾಯಿತು. ಹಿಟ್ಟಿನ ಗಿರಣಿಯ ಪಟ್ಟಿ ಜಾರಿದರೆ ಯಂತ್ರ ಓಡುತ್ತದೆ, ಕಲ್ಲು ಬೀಸುವುದಿಲ್ಲ, ಇದೂ ಹಾಗೆಯೇ. ಇಂಧನ ಉರಿದು ಕೆಲಸವಾಗದೆ ಬರಿಯ ಶಾಖವಾಗುತ್ತಿತ್ತು. ಜನ ತೆಳ್ಳಗಾದರು, ಕೆಲವರಿಗೆ ಕಣ್ಣಿನ ಪೊರೆ ಬಂತು, ಕೆಲವರು ಮೈ ಕಾದು ಸತ್ತರು. 1938ರ ಹೊತ್ತಿಗೆ ಅದನ್ನು ಮನುಷ್ಯರಿಗೆ ಕೊಡಬಾರದ ವಸ್ತುವೆಂದು ಸಾರಬೇಕಾಯಿತು. ಒಡಲ ಒಲೆಗೆ ಊದುಗೊಳವೆ ಮಾರುವವರನ್ನು ಕಂಡಾಗ ಈ ಕಥೆ ನೆನಪಿರಲಿ. ಜೀರಿಗೆ ನೀರು, ನಿಂಬೆ-ಜೇನು ಕುಡಿದರೆ ತೊಂದರೆಯಿಲ್ಲ. ಅವು ಕೊಬ್ಬನ್ನು ಕರಗಿಸುವುದೂ ಇಲ್ಲ. ಕಾಫಿ ಉರಿಯನ್ನು ಸ್ವಲ್ಪ ಏರಿಸುತ್ತದೆ. ಅದು ಸ್ವಲ್ಪ ಹೊತ್ತಿನದು.

ಉಪವಾಸ ಬಿದ್ದು ಕರಗುತ್ತೇವೆ ಎನ್ನುವವರಿಗೆ ಇನ್ನೊಂದು ಪ್ರಸಂಗ. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ 36 ಮಂದಿ ತರುಣರು ತಾವಾಗಿ ಒಪ್ಪಿ ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ತೂಕ ಸುಮಾರು ಕಾಲು ಭಾಗ ಇಳಿಯಿತು. ಆದರೆ ವಿಶ್ರಾಂತಿಯ ಉರಿ ಶೇಕಡಾ 40ರಷ್ಟು ಕುಗ್ಗಿತು. ಬೇಸಿಗೆಯಲ್ಲೂ ಚಳಿ, ಹಗಲೆಲ್ಲ ಊಟದ ಯೋಚನೆ. ಸೌದೆ ಕಡಿಮೆಯಾದರೆ ಜಾಣ ಗೃಹಿಣಿ ಕೆಂಡಕ್ಕೆ ಬೂದಿ ಮುಚ್ಚುವಂತೆ, ದೇಹವೂ ಉಳಿತಾಯಕ್ಕೆ ಇಳಿಯುತ್ತದೆ.

ನಮ್ಮ ಕೈಲಾಗುವುದು ಮೂರು. ಮೊದಲನೆಯದು, ಮಾಂಸಖಂಡಗಳಿಗೆ ಕೆಲಸ ಕೊಡುವುದು. ಕುರ್ಚಿಯಿಂದ ಕೈ ಊರದೆ ಹತ್ತು ಬಾರಿ ಎದ್ದು ಕೂರಿ. ಸಾಮಾನಿನ ಚೀಲ ನೀವೇ ಹೊರಿ. ಊಟವಾದ ಮೇಲೆ ಬೀದಿಯ ಕೊನೆಯವರೆಗೆ ಹೋಗಿ ಬನ್ನಿ. ಎರಡನೆಯದು, ಪ್ರತಿ ಊಟದಲ್ಲೂ ಬೇಳೆ, ಕಾಳು, ಮೊಸರು ಅಥವಾ ಮೊಟ್ಟೆ ಇರಲಿ. ಪ್ರೋಟೀನಿನ 100 ಕ್ಯಾಲೊರಿಗಳಲ್ಲಿ 20ರಿಂದ 30 ಅದನ್ನು ಅರಗಿಸಲಿಕ್ಕೇ ವ್ಯಯವಾಗುತ್ತವೆ. ಜಿಡ್ಡಿನಲ್ಲಿ ಹೆಚ್ಚೆಂದರೆ ಮೂರು. ಮೂರನೆಯದು, ಸಾಕಷ್ಟು ನಿದ್ರೆ. ನಿದ್ರೆಗೆಟ್ಟವರಿಗೆ ಹಸಿವು ಜಾಸ್ತಿ.

ಕೊನೆಯ ಮಾತು, ಮನೆಯ ಗಂಡಸರೂ ಓದಬೇಕಾದದ್ದು. ಈ ಒಲೆಯ ಉರಿಯನ್ನು ಹದವಾಗಿಡುವುದು ಕೊರಳಿನಲ್ಲಿರುವ ಥೈರಾಯ್ಡ್ ಗ್ರಂಥಿ. ಅದರ ರಸ ಕಡಿಮೆಯಾದರೆ ಎಲ್ಲರಿಗೂ ಸೆಕೆಯಾದಾಗಲೂ ಒಬ್ಬರಿಗೆ ಚಳಿ. ಸದಾ ಆಯಾಸ, ಮಲಬದ್ಧತೆ, ಒಣ ಚರ್ಮ, ಉದುರುವ ಕೂದಲು, ಏರುವ ತೂಕ. ಹೆಂಗಸರಲ್ಲಿ ಇದು ಹೆಚ್ಚು. ಎಲ್ಲರಿಗೂ ಬಡಿಸಿ ಕಡೆಗೆ ಉಳಿದದ್ದನ್ನು ಉಣ್ಣುವ ತಾಯಿಯೋ ಅತ್ತಿಗೆಯೋ “ಕೈಲಾಗದು” ಎಂದರೆ ಅದನ್ನು ಸೋಮಾರಿತನವೆಂದೋ ವಯಸ್ಸೆಂದೋ ತಳ್ಳಿಹಾಕುತ್ತೇವೆ. ಒಂದು ರಕ್ತಪರೀಕ್ಷೆಯಲ್ಲಿ ಈ ಕೊರತೆ ತಿಳಿಯುತ್ತದೆ. ವೈದ್ಯರು ಗೊತ್ತುಮಾಡುವ ದಿನಕ್ಕೊಂದು ಮಾತ್ರೆ ಅದನ್ನು ತುಂಬುತ್ತದೆ. ಕೊರತೆಯಿಲ್ಲದವರು ತೆಳ್ಳಗಾಗಲೆಂದು ಅದೇ ಮಾತ್ರೆ ನುಂಗಿದರೆ ಹೃದಯಕ್ಕೆ ಅಪಾಯ.

ಈ ರಾತ್ರಿ ಊಟಕ್ಕೆ ಕೂರುವಾಗ ಅವರ ತಟ್ಟೆಯನ್ನೂ ನಿಮ್ಮ ಜೊತೆಗೇ ಹಾಕಿಸಿ. ಚಳಿಯಾಗುತ್ತದೆಯೆ, ಆಯಾಸವಿದೆಯೆ ಎಂದು ಕೇಳಿ. ಹೌದೆಂದರೆ ನಾಳೆಯೇ ವೈದ್ಯರಲ್ಲಿಗೆ ಕರೆದೊಯ್ಯಿರಿ.