ಹಿಮ್ಮಡಿಯಲ್ಲಿ ಚಕ್ರ, ಜನರ ಮೈಮೇಲೆ ಸವಾರಿ!

ಸಂಜೆ ಆರರ ಹೊತ್ತು. ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲ. ನೆಟ್ಟಗೆ ನಡೆದು ಬರುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಹೆಜ್ಜೆಯನ್ನೇ ಎತ್ತದೆ ಸರ್ರನೆ ಜಾರಿ ಬರುತ್ತಾನೆ. ಬುಟ್ಟಿ ಹೊತ್ತ ಅಜ್ಜಿ ಸರಿಯುವುದೆತ್ತ? "ಅಯ್ಯೋ, ಕಣ್ ಕಾಣ್ಸಲ್ವೇನೋ!"

ಇದು ಚಕ್ರದ ಬೂಟಿನ ಕರಾಮತ್ತು. ಹಿಮ್ಮಡಿಯೊಳಗೆ ಚಕ್ರ ಅಡಗಿರುತ್ತದೆ. ಮುಂಗಾಲೂರಿದರೆ ನಡಿಗೆ, ಬೆರಳೆತ್ತಿ ಹಿಮ್ಮಡಿಗೆ ಭಾರ ಬಿಟ್ಟರೆ ಓಟ. ಅಮೆರಿಕದ ರೋಜರ್ ಆಡಮ್ಸ್ ಕಂಡುಹಿಡಿದ ಈ ಬೂಟು 2000ದಲ್ಲಿ 'ಹೀಲೀಸ್' ಹೆಸರಲ್ಲಿ ಮಾರಾಟಕ್ಕೆ ಬಂತು. ಸ್ಕೇಟಿಂಗ್ ಬೂಟಾದರೆ ಎದುರಿನವನಿಗೆ ಕಂಡೀತು. ಇದರ ಚಕ್ರ ಕಾಣುವುದೇ ಇಲ್ಲ, ತೊಂದರೆ ಇರೋದೇ ಅಲ್ಲಿ.

ಬೀಳುವ ಮಗು ಕೈಯೂರುತ್ತದೆ, ಮುರಿಯುವುದು ಮಣಿಕಟ್ಟು. 2006ರ ಬೇಸಿಗೆಯಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಒಂದೇ ಮಕ್ಕಳ ಆಸ್ಪತ್ರೆಗೆ, ಇಂಥ ಬೂಟು ಮತ್ತು ಬೂಟಿಗೆ ಕಟ್ಟುವ ಚಕ್ರಗಳಿಂದ ಪೆಟ್ಟು ತಿಂದ 67 ಮಕ್ಕಳು ಹತ್ತು ವಾರದಲ್ಲಿ ಬಂದಿದ್ದರು. ಹೆಲ್ಮೆಟ್, ಮಣಿಕಟ್ಟಿನ ಪಟ್ಟಿ ಹಾಕಿಸಿ ಎಂದು ಅಮೆರಿಕದ ಮೂಳೆ ವೈದ್ಯರ ಸಂಘ 2007ರಲ್ಲೇ ಹೇಳಿತು. ಹಾಕಿಸುವವರು ಯಾರು? ಬೂಟೆಂದು ತಾನೇ ಕೊಡಿಸಿದ್ದು!

ಹೀಲೀಸ್ ಮಾದರಿಯಲ್ಲಿ ಚಕ್ರವನ್ನು ಮೀಟಿ ತೆಗೆದು, ಆ ಗುಂಡಿಗೆ ಬಿರಡೆ ಹಾಕಬಹುದು. ಅಂಗಡಿಯವರು ಬಿಲ್ಲು ಬರೆಯುವಾಗ ಇಷ್ಟು ತೋರಿಸಿಕೊಟ್ಟರೆ ಅವರ ಗಂಟೇನೂ ಹೋಗದು. ಬಸ್ ಹತ್ತುವ ಮುಂಚೆ ಚಕ್ರ ಅಪ್ಪನ ಜೇಬಿಗೆ ಬರಲಿ. ಇಲ್ಲದಿದ್ದರೆ ಅಜ್ಜಿಯ ಬುಟ್ಟಿಯಿಂದ ಉರುಳಿದ ಟೊಮ್ಯಾಟೊಗೆ ದುಡ್ಡು ಕೊಡೋರು ಯಾರು?