ಎಳೆಯ ಮನಸ್ಸಿನ ವ್ಯಥೆಯೂ ಶಾಲೆಯ ಹೊಣೆಯೂ

ಎಲ್ಲಾಪುರ ತಾಲ್ಲೂಕಿನ ಚಂದಗುಳಿಯ ಸಿದ್ಧಿವಿನಾಯಕನ ಸನ್ನಿಧಿಯಲ್ಲಿ ತೂಗುವ ಅಸಂಖ್ಯ ಘಂಟೆಗಳನ್ನು ಕಂಡವರಿಗೆ, ಹರಕೆ ಫಲಿಸಿದ ಭಕ್ತರು ಅವನ್ನು ಒಪ್ಪಿಸುವರೆಂಬುದು ತಿಳಿದೇ ಇದೆ. ಮಕ್ಕಳ ಆರೋಗ್ಯಕ್ಕಾಗಿ, ವಿದ್ಯೆಗಾಗಿ ಹರಕೆ ಹೊರುವ ತಾಯಿತಂದೆಗಳ ವಾತ್ಸಲ್ಯಕ್ಕೆ ಈ ಸೀಮೆಯಲ್ಲಿ ಎಂದೂ ಕೊರತೆಯಿಲ್ಲ. ಆ ವಾತ್ಸಲ್ಯಕ್ಕೆ ಶಾಸ್ತ್ರೀಯವಾದ ತಿಳಿವಳಿಕೆಯೂ ಕೈಗೆಟಕುವ ನೆರವೂ ಜತೆಗೂಡಬೇಕೆಂಬುದೇ ನನ್ನ ವಿಜ್ಞಾಪನೆ.

ಒಂಬತ್ತನೆಯ ತರಗತಿಯ ಬಾಲಕನೊಬ್ಬನು ಸೋಮವಾರ ಬೆಳಗಾಯಿತೆಂದರೆ ‘ಯಂಗೆ ಹೊಟ್ಟೆ ನೋವು’ ಎಂದು ಮುದುಡಿ ಮಲಗುತ್ತಾನೆನ್ನಿ. ತಾಯಿ ಜೀರಿಗೆ ಕಷಾಯ ಕುಡಿಸುತ್ತಾಳೆ. ಡಾಕ್ಟರು ಪರೀಕ್ಷಿಸಿ ಏನೂ ಇಲ್ಲವೆನ್ನುತ್ತಾರೆ. ನೆರೆಯವರಲ್ಲಿ ಒಬ್ಬರು ದೃಷ್ಟಿ ತಾಗಿದೆಯೆಂದರೆ, ಇನ್ನೊಬ್ಬರು ಶಾಲೆ ತಪ್ಪಿಸುವ ಸೋಗೆನ್ನುತ್ತಾರೆ. ಆದರೆ ಆ ನೋವು ಸೋಗಲ್ಲ. ಭಯವನ್ನು ಗುರುತಿಸುವ, ಬಾದಾಮಿಯಾಕಾರದ ಅಮಿಗ್ಡಲವೆಂಬ ಮಿದುಳಿನ ಭಾಗವು ಎಚ್ಚೆತ್ತಾಗ ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ಸ್ರಾವಗಳು ರಕ್ತಕ್ಕೆ ಸೇರಿ, ಎದೆಬಡಿತ ಏರಿ, ಮಿದುಳಿಗೂ ಜಠರಕ್ಕೂ ಸಂಬಂಧ ಕಲ್ಪಿಸಿರುವ ನರಗಳ ಮೂಲಕ ಕರುಳಿನ ಚಲನೆಯೇ ವ್ಯತ್ಯಾಸಗೊಳ್ಳುತ್ತದೆ. ಪರೀಕ್ಷೆಯ ಅಂಜಿಕೆಯೋ, ಸಹಪಾಠಿಗಳ ಪೀಡನೆಯೋ, ಹಾಸ್ಟೆಲಿನ ಒಂಟಿತನವೋ ಹೀಗೆ ಹೊಟ್ಟೆಯ ನೋವಾಗಿ ಪ್ರಕಟವಾಗುತ್ತದೆ.

ಹದಿಹರೆಯದಲ್ಲಿ ಭಾವಾವೇಗಗಳ ಕೇಂದ್ರಗಳು ಬೇಗನೆ ಪ್ರಬಲವಾದರೆ, ವಿವೇಚನೆಗೂ ಸಂಯಮಕ್ಕೂ ಆಧಾರವಾದ ಮಿದುಳಿನ ಮುಂಭಾಗವು ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಿರುತ್ತದೆ. ಮಾನಸಿಕ ವ್ಯಾಧಿಗಳಲ್ಲಿ ಮೂರನೆಯ ಒಂದರಷ್ಟು 14 ವರ್ಷದೊಳಗೇ ತಲೆದೋರುವುವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇಕಡ 7.3 ಮಂದಿಗೆ ಇಂತಹ ತೊಂದರೆಯಿರುವುದು ಕಂಡುಬಂದಿತು. ಎಲ್ಲ ಬೇಸರವೂ ರೋಗವಲ್ಲವೆಂಬುದು ನಿಜ. ಆದರೆ ಎರಡು ವಾರ ಕಳೆದರೂ ಖಿನ್ನತೆ ಬಿಡದೆ, ನಿದ್ರೆ ಕೆಟ್ಟು, ಊಟ ಸೇರದೆ, ಆಟದಲ್ಲೂ ಆಸಕ್ತಿ ಅಳಿದರೆ ಅದನ್ನು ‘ಪ್ರಾಯದ ಗುಣ’ವೆಂದು ತಳ್ಳಿಬಿಡುವುದು ಅನುಚಿತ.

ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕು? ಎಲ್ಲಾಪುರದಿಂದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೆ ಸುಮಾರು 70 ಕಿಲೋಮೀಟರು. ಜಿಲ್ಲಾಕೇಂದ್ರವಾದ ಕಾರವಾರವು ಘಟ್ಟದ ಕೆಳಗೆ. ಮನೋವೈದ್ಯವನ್ನು ಜಿಲ್ಲೆಯ ಮಟ್ಟಕ್ಕೆ ಇಳಿಸಿದ ಪ್ರಯೋಗವು ನಮ್ಮ ಬಳ್ಳಾರಿಯಲ್ಲಿಯೇ 1980ರ ದಶಕದಲ್ಲಿ ನಡೆದು, 1996ರಿಂದ ಜಿಲ್ಲಾ ಕಾರ್ಯಕ್ರಮವಾಗಿ ದೇಶದ ಇತರ ಕಡೆಗಳಿಗೆ ಹಬ್ಬಿತೆಂಬುದು ಹೆಮ್ಮೆಯ ಸಂಗತಿ. ಆದರೆ ಅಡಿಕೆ ತೋಟಗಳ ನಡುವೆ ಒಂಟಿಮನೆಗಳಲ್ಲಿ ಬೆಳೆಯುವ ಮಗು ತಾನಾಗಿ ಆಸ್ಪತ್ರೆಗೆ ಹೋಗಲಾರದು. ಅದರ ಮೋರೆ ಬಾಡಿದ್ದನ್ನು ಮೊದಲು ಕಾಣಬಲ್ಲದ್ದು ಶಾಲೆ.

ಶಾಲೆಯಲ್ಲಿ ಯಾರು? ನಿಮ್ಹಾನ್ಸ್ ರೂಪಿಸಿದ ಜೀವನಕೌಶಲ ಶಿಕ್ಷಣವನ್ನು ತರಬೇತಾದ ಉಪಾಧ್ಯಾಯರ ಮೂಲಕ ನಡೆಸಿದಾಗ ವಿದ್ಯಾರ್ಥಿಗಳ ಆತ್ಮಗೌರವವೂ, ಕಷ್ಟವನ್ನು ನಿಭಾಯಿಸುವ ಶಕ್ತಿಯೂ ವೃದ್ಧಿಸಿದುವು. ಬಿಹಾರದ ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವು ಇದಕ್ಕಿಂತ ವಿಚಾರಾರ್ಹ: ಅಲ್ಲಿ ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಉಪಾಧ್ಯಾಯರಿಗೂ, ಕೆಲವೆಡೆ ಅದಕ್ಕಾಗಿಯೇ ನೇಮಿಸಿ ತರಬೇತಿ ಕೊಟ್ಟ ಸಾಮಾನ್ಯ ಆಪ್ತಸಲಹೆಗಾರರಿಗೂ ವಹಿಸಲಾಗಿ, ಎರಡನೆಯ ಗುಂಪಿನಲ್ಲಿ ಖಿನ್ನತೆಯೂ ಪೀಡನೆಯೂ ಇಳಿದುವು, ಮೊದಲನೆಯದರಲ್ಲಿ ಅಂತಹ ಫಲ ಕಾಣಲಿಲ್ಲ. ಪಾಠ, ಮೌಲ್ಯಮಾಪನ, ಬಿಸಿಯೂಟದ ಲೆಕ್ಕ ಇವುಗಳಲ್ಲಿ ಮುಳುಗಿದ ಮಾಸ್ತರರಿಗೆ ಕೇಳುವ ವ್ಯವಧಾನವೆಲ್ಲಿಂದ ಬರಬೇಕು? ಅಂಕ ಕೊಡುವ ಕೈಯ ಮುಂದೆ ಹುಡುಗನಾದರೂ ಅಂಜಿಕೆಯನ್ನು ಹೇಗೆ ಬಿಚ್ಚಿಟ್ಟಾನು? ಆದಕಾರಣ, ಮನೋವೈದ್ಯರೇ ಬರಲೆಂದು ಕಾಯದೆ, ಎಲ್ಲಾಪುರವೂ ಸೇರಿದ ಶಿರಸಿ ಶೈಕ್ಷಣಿಕ ಜಿಲ್ಲೆಯ ನಾಲ್ಕಾರು ಶಾಲೆಗಳಿಗೆ ಒಬ್ಬರಂತೆ, ಇಲ್ಲಿಯ ಮಾತನ್ನೇ ಆಡುವ, ಇಲ್ಲಿಯ ಮನೆಗಳನ್ನು ಬಲ್ಲ ಸಲಹೆಗಾರರನ್ನು ನೇಮಿಸುವುದು ಸಾಧ್ಯವೂ ಅವಶ್ಯವೂ ಆದ ಕಾರ್ಯವೆಂದು ನನ್ನ ದೃಢವಾದ ಅಭಿಪ್ರಾಯ.

ಅಲ್ಲಿಯತನಕ ಹಿರಿಯರು ಮಾಡಬಹುದಾದದ್ದೂ ಉಂಟು. ಮಗುವಿನ ಬಾಯಲ್ಲಿ ಬದುಕು ಸಾಕೆಂಬ ಮಾತು ಬಂದರೆ ಗದರಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಶಾಂತವಾಗಿ, ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುವುದೆಂಬ ಭೀತಿಯನ್ನು ಸಂಶೋಧನೆಗಳು ಸಮರ್ಥಿಸುವುದಿಲ್ಲ. ಮಗುವನ್ನು ಒಂಟಿಯಾಗಿ ಬಿಡದೆ 14416ಕ್ಕೆ ಫೋನು ಮಾಡಿ: 2022ರ ಅಕ್ಟೋಬರ್ 10ರಂದು ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಯಿದು, ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಪ್ರತಿಯೊಂದು ಶಾಲೆಯ ಗೋಡೆಯ ಮೇಲೂ ಮಕ್ಕಳ ಕಣ್ಣಿಗೆ ಬೀಳುವಂತೆ ಬರೆಯಿಸಿರೆಂದು ಮುಖ್ಯೋಪಾಧ್ಯಾಯರಲ್ಲಿಯೂ ಪೋಷಕರಲ್ಲಿಯೂ ಬೇಡಿಕೊಳ್ಳುತ್ತೇನೆ.