ಬಾನೆಟ್ಟಿಗೆ ತಕ್ಕ ರಾಳ

ನಮ್ಮ ತಮ್ಮನ ಮಗನು ಕಳೆದ ವರ್ಷ ಮನೆಯ ಹಳೆಯ ಕಾರಿಗೆ ಕಾರ್ಬನ್ ಫೈಬರಿನ, ಎಂದರೆ ಇಂಗಾಲದ ಎಳೆಗಳ, ಬಾನೆಟ್ಟೊಂದನ್ನು ಹಿತ್ತಿಲ ಚಪ್ಪರದಲ್ಲಿಯೇ ಸ್ವಹಸ್ತದಿಂದ ಸಿದ್ಧಪಡಿಸಿದನು. ಮೊದಲಿನ ತಗಡು ತುಕ್ಕು ಹಿಡಿದು ತೂತಾಗಿದ್ದಿತು. ಹೊಸದನ್ನು ಒಂದೇ ಕೈಯಿಂದ ಎತ್ತಬಹುದಾಗಿದ್ದುದನ್ನು ಕಂಡು ನಾವೂ ಬೆನ್ನು ತಟ್ಟಿದೆವು. ಚೈತ್ರಮಾಸ ಬಂದಿತು. ಒಂದು ಮಧ್ಯಾಹ್ನ ಬಿಸಿಲಿನಲ್ಲಿ ನಿಂತಿದ್ದ ಕಾರಿನ ಬಾನೆಟ್ಟು ನಡುವೆ ಕುಸಿದು, ಅಂಚು ಮೇಲೆದ್ದು, ಚಿಲಕವು ಕೂಡದಂತಾಯಿತು.

“ದೊಡ್ಡಪ್ಪಾ, ಬಟ್ಟೆ ಒಳ್ಳೆಯದನ್ನೇ ತರಿಸಿದ್ದೆನಲ್ಲ!” ಎಂದು ಹುಡುಗನು ಮುಖ ಸಣ್ಣದು ಮಾಡಿಕೊಂಡನು.

ಬಟ್ಟೆಯಲ್ಲಿ ದೋಷವಿರಲಿಲ್ಲ. ಗಂಜಿ ಹಾಕಿದ ಪಂಚೆಯು ಸೆಟೆದು ನಿಲ್ಲುವುದು ಗಂಜಿಯ ಬಲದಿಂದಲೇ ಹೊರತು ನೂಲಿನ ಬಲದಿಂದಲ್ಲವಷ್ಟೆ. ಇಂಗಾಲದ ಎಳೆಯು ಎಳೆತವನ್ನು ಅದ್ಭುತವಾಗಿ ತಾಳುವುದಾದರೂ, ಒತ್ತಿದರೆ ದಾರದಂತೆ ಬಾಗಿಬಿಡುತ್ತದೆ. ಎಳೆಗಳನ್ನು ಹಿಡಿದು ನಿಲ್ಲಿಸತಕ್ಕದ್ದು ರಾಳ. ಅದು ಮೆತ್ತಗಾಯಿತೆಂದರೆ ಎಂತಹ ಬೆಲೆಯ ಬಟ್ಟೆಯಾದರೂ ನೆನೆದ ಪಂಚೆಯೇ ಸರಿ. ಆ ಬಾನೆಟ್ಟು ಮನೆಯ ಮುಂದೆ ಕುಸಿದುದು ನಮ್ಮ ಪುಣ್ಯ. ಹೆದ್ದಾರಿಯಲ್ಲಿ ಗಾಳಿಗೆ ಹಾರಿ ಮುಂಗಾಜಿಗೆ ಬಡಿದಿದ್ದರೆ ಒಳಗಿದ್ದವರ ಗತಿಯೇನಾಗುತ್ತಿತ್ತು?

ಅಂಗಡಿಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ರಾಳಗಳು ದೊರೆಯುತ್ತವೆ. ಪಾಲಿಯೆಸ್ಟರ್ ಅಗ್ಗವಾದುದು. ಗಾಜಿನ ನಾರಿನ ತೊಟ್ಟಿ, ತಾರಸಿಯ ಹಾಳೆ ಮೊದಲಾದವಕ್ಕೆ ಬಹುಮಟ್ಟಿಗೆ ಇದೇ ಸಾಕು. ಆದರೆ ಇದು ಗಟ್ಟಿಯಾಗುವಾಗ ಬಹಳ ಕುಗ್ಗುತ್ತದೆ. ಮೇಲಾಗಿ ಇಂಗಾಲದ ಎಳೆಗಳಿಗೆ ಕಾರ್ಖಾನೆಯಲ್ಲಿ ಲೇಪಿಸುವ ತೆಳುಪೊರೆಯು ಸಾಧಾರಣವಾಗಿ ಎಪಾಕ್ಸಿಗೆ ಒಗ್ಗುವಂತಹುದು. ಪಾಲಿಯೆಸ್ಟರ್ ಅದನ್ನು ಚೆನ್ನಾಗಿ ಹಿಡಿಯುವುದಿಲ್ಲ. ವಿನೈಲ್ ಎಸ್ಟರ್ ಎಂಬುದು ಇವೆರಡರ ನಡುವಿನದು. ಇಂಗಾಲದ ಬಟ್ಟೆಗೆ ಅತ್ಯುತ್ತಮವಾದುದು ಎಪಾಕ್ಸಿ. ಬೆಲೆ ಹೆಚ್ಚು ನಿಜ, ಆದರೆ ಬಟ್ಟೆಗೇ ಅಷ್ಟು ಸುರಿದ ಮೇಲೆ ರಾಳದಲ್ಲಿ ಉಳಿಸಹೊರಡುವುದು ನಮಗೆ ಸರಿಕಾಣದು.

ಪಾಲಿಯೆಸ್ಟರನ್ನೇ ಬಳಸುವವರಿಗೆ ಒಂದು ಎಚ್ಚರಿಕೆ. ಅದರೊಂದಿಗೆ ಕೋಬಾಲ್ಟಿನ ದ್ರವವನ್ನೂ ಪೆರಾಕ್ಸೈಡಿನ ದ್ರವವನ್ನೂ ಪ್ರತ್ಯೇಕ ಸೀಸೆಗಳಲ್ಲಿ ಕೊಡುವುದುಂಟು. ಇವೆರಡನ್ನು ನೇರವಾಗಿ ಎಂದಿಗೂ ಬೆರೆಸಕೂಡದು; ಸ್ಫೋಟವಾದೀತು. ಒಂದನ್ನು ರಾಳದಲ್ಲಿ ಪೂರ್ತಿಯಾಗಿ ಕಲಸಿದ ನಂತರವೇ ಇನ್ನೊಂದು. ಪೆರಾಕ್ಸೈಡಿನ ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಮಕ್ಕಳಿರುವ ಮನೆಯಲ್ಲಿ ಈ ಸೀಸೆಗಳು ಬೀಗದೊಳಗಿರತಕ್ಕದ್ದು.

ಎಪಾಕ್ಸಿಯ ನಿಯಮವೇ ಬೇರೆ. ಇಲ್ಲಿ ಹಾರ್ಡನರ್ ಎಂಬುದು ಹೆಪ್ಪಿನಂತೆ ಚಿಟಿಕೆಯಷ್ಟು ಹಾಕತಕ್ಕದ್ದಲ್ಲ. ಅದೂ ರಾಳದೊಡನೆ ಕೂಡಿ ಗಟ್ಟಿ ಪದಾರ್ಥದ ಅಂಗವೇ ಆಗುತ್ತದೆ. ನೂರು ಪಾಲಿಗೆ ಮೂವತ್ತೆಂದು ಡಬ್ಬಿಯ ಮೇಲಿದ್ದರೆ ತಕ್ಕಡಿಯಲ್ಲಿ ಮೂವತ್ತೇ ತೂಗಬೇಕು. ಬೇಗ ಒಣಗಲೆಂದು ಹೆಚ್ಚು ಸುರಿದರೆ ವೇಗವು ಬಾರದು, ಬಲವು ಕೆಡುವುದು. ಕಲಸಿದುದನ್ನು ಲೋಟದಲ್ಲಿ ತುಂಬಿಟ್ಟರೆ ತನ್ನ ಕಾವಿನಿಂದಲೇ ಹೊಗೆಯಾಡೀತು; ಅಗಲವಾದ ತಟ್ಟೆಯಲ್ಲಿ ಸ್ವಲ್ಪಸ್ವಲ್ಪವಾಗಿ ಕಲಸುವುದು ಲೇಸು. ಬರಿಗೈಗೆ ತಗಲುತ್ತ ಬಂದರೆ ಚರ್ಮಕ್ಕೆ ಒಗ್ಗದೆ ತುರಿಕಜ್ಜಿ ಏಳುವುದುಂಟು, ಆದಕಾರಣ ಕೈಗವಸು ಬೇಕು. ಉಜ್ಜುವಾಗ ಮುಖಕ್ಕೆ ತಕ್ಕ ಮುಸುಕೂ ಬೇಕು.

ನಮ್ಮ ಹುಡುಗನು ಇದೆಲ್ಲವನ್ನೂ ಪಾಲಿಸಿದ್ದನು, ಎಪಾಕ್ಸಿಯನ್ನೇ ತಂದಿದ್ದನು. ಕೇಳದೆ ಬಿಟ್ಟ ಪ್ರಶ್ನೆ ಒಂದೇ: ಇದು ಎಷ್ಟು ಕಾವನ್ನು ತಾಳೀತು? ಪ್ರತಿಯೊಂದು ರಾಳಕ್ಕೂ ಗಾಜಿನ ಬಿಗುವನ್ನು ಬಿಟ್ಟು ರಬ್ಬರಿನಂತೆ ಮೆತ್ತಗಾಗುವ ಉಷ್ಣಮಾನವೊಂದಿದೆ. ತಯಾರಕರ ವಿವರಪತ್ರದಲ್ಲಿ ಅದನ್ನು ಟಿ.ಜಿ. ಎಂಬ ಅಕ್ಷರಗಳ ಮುಂದೆ ಕಾಣಬಹುದು. ಬರಿಯ ಕೋಣೆಯ ಶಾಖದಲ್ಲಿ ಗಟ್ಟಿಯಾದ ಎಪಾಕ್ಸಿಗೆ ಅದು ಅನೇಕವೇಳೆ 50ರಿಂದ 60 ಡಿಗ್ರಿ ಸೆಂಟಿಗ್ರೇಡಿನ ಸುತ್ತಮುತ್ತಲೇ. ಬೇಸಗೆಯ ಮಧ್ಯಾಹ್ನದಲ್ಲಿ ಕಪ್ಪು ಬಾನೆಟ್ಟು 70 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಕೆಳಗೆ ಇಂಜಿನಿನ ಕಾವು ಬೇರೆ.

1981ರಲ್ಲಿ ಮೆಕ್ಲಾರೆನ್ ಸಂಸ್ಥೆಯವರು ಫಾರ್ಮುಲಾ ಒನ್ ಪಂದ್ಯದ ಕಾರಿನ ಒಡಲನ್ನೇ ಈ ಎಳೆಯಿಂದ ಮಾಡಿ ತೋರಿಸಿದರು. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇಕಡಾ 45 ಭಾಗ ಇಂತಹುದೇ. ಆದರೆ ಅಂತಹ ಭಾಗಗಳನ್ನು ಒತ್ತಡದ ದೊಡ್ಡ ಒಲೆಗಳಲ್ಲಿ ಬೇಯಿಸುತ್ತಾರೆ. ಮನೆಯವರು ಆ ರಾಳಗಳಿಗೆ ಆಸೆಪಡದೆ, ಕೋಣೆಯಲ್ಲಿ ಗಟ್ಟಿಯಾಗಿ, ಬಳಿಕ 80 ಡಿಗ್ರಿಯವರೆಗೆ ಕಾಯಿಸಿದರೆ ಬಲಿಯುವಂತಹ ಎಪಾಕ್ಸಿಯನ್ನು ಕೇಳಿ ಕೊಳ್ಳತಕ್ಕದ್ದು. ಕಾಯಿಸುವುದು ಅಚ್ಚಿನಲ್ಲಿರುವಾಗಲೇ, ನಿಧಾನವಾಗಿ ಕಾವೇರಿಸುತ್ತ, ವಿವರಪತ್ರವು ಹೇಳಿದಷ್ಟು ಗಂಟೆ. ಅಚ್ಚೂ ಆ ಶಾಖವನ್ನು ತಾಳುವಂತಹುದಾಗಿರಬೇಕು. ಅಡಿಗೆಯ ಒಲೆಯನ್ನಂತೂ ಇದಕ್ಕೆ ಮುಟ್ಟಬಾರದು. ಎಪಾಕ್ಸಿಯು ಬಿಸಿಲಿಗೆ ಹಳದಿಯಾಗುವುದರಿಂದ ಕೊನೆಗೆ ಸೂರ್ಯರಶ್ಮಿಯನ್ನು ತಡೆಯುವ ಪಾರದರ್ಶಕ ವಾರ್ನಿಷು ಅವಶ್ಯ. ಚಕ್ರ, ಚುಕ್ಕಾಣಿ, ಬ್ರೇಕುಗಳ ಭಾಗಗಳನ್ನು ಮನೆಯಲ್ಲಿ ಮಾಡುವ ಮಾತನ್ನೇ ಎತ್ತಬಾರದು.

ಹುಡುಗನು ಹಲಗೆಯ ಪೆಟ್ಟಿಗೆಯೊಂದಕ್ಕೆ ಬಿಸಿಗಾಳಿಯ ಹೀಟರನ್ನೂ ಉಷ್ಣಮಾಪಕವನ್ನೂ ಅಳವಡಿಸಿ ಎರಡನೆಯ ಬಾನೆಟ್ಟನ್ನು ಹದಮಾಡಿದನು. ಚಿಲಕದ ಜತೆಗೆ ಮುಂದೆ ಎರಡು ಉಕ್ಕಿನ ಪಿನ್ನುಗಳನ್ನೂ ಹಾಕಿಸಿದೆವು. ಈ ಬೇಸಗೆಯನ್ನು ಅದು ನೆಟ್ಟಗೆ ಕಳೆದಿದೆ. ಅಡಿಗೆಮನೆಯಿಂದ ಹೋದ ತಕ್ಕಡಿಯು ಮಾತ್ರ ಹಿಂದಿರುಗಲಿಲ್ಲ. ಅವನ ತಾಯಿ ಬೇರೆಯದನ್ನು ಕೊಂಡಿದ್ದಾಳೆ.